ಬಸಳೆ ಹಣ್ಣಿನ ಬಣ್ಣದ ಹೆಲ್ಮೆಟ್ಟು

ನಮ್ಮೆಜಮಾನರಿಗೆ ಕೇಳಿಸುತ್ತಿದ್ದದ್ದು ಒಂದೇ ಕಿವಿ, ಬಲಗಿವಿ. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹಾಳಾಗಿತ್ತು. ಮಾವನವರು ಮಗನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ಎಷ್ಟು ತಿರುಗಿದರೋ ದೇವರೇ ಬಲ್ಲ, ಆದರೂ ಅದು ಉಳಿಯಲಿಲ್ಲ. "ಇರೋ ಒಂದನ್ನ ಜೋಪಾನ ಮಾಡ್ಕೋ" ಎಂದು ಅವರು ಮಗನಿಗೆ ಹೇಳದ ದಿನವಿರಲಿಲ್ಲವಂತೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನೂ ಪಕ್ಕಕ್ಕೆ ಕರೆದು, "ಯಾವಾಗಲೂ ಅವನ ಬಲಗಡೆ ನಡೀಯಮ್ಮ, ಎಡಗಡೆಯಿಂದ ಬೈದ್ರೆ ಬೈಗುಳ ದಂಡ" ಎಂದಿದ್ದರು. ನಾನು ಅಂದಿನಿಂದ ಬಲಗಡೆಯೇ ನಡೆದೆ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ನಡುಮಧ್ಯದ ಮಾತು. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ನಮ್ಮದೊಂದು ಮಹಡಿ ಮೇಲಿನ ಅಪಾರ್ಟ್‌ಮೆಂಟು, ಒಂದು ಹಳೇ ಕಾರು, ಒಬ್ಬಳು ಚಿಕ್ಕ ಮಗಳು. ನನಗೆ ಉತ್ತರಕ್ಕೆ, ಫ್ರೀಮಾಂಟ್ ಕಡೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮಗಳ ಡೇಕೇರು ಅದೇ ದಾರಿಯಲ್ಲಿ. ಇವರ ಕಂಪನಿ ಲಾಸ್ ಆಲ್ಟೋಸ್ ಹತ್ತಿರ, ಪೂರಾ ಬೇರೆ ದಿಕ್ಕು. ಹಾಗಾಗಿ ಕಾರು ನನ್ನ ಪಾಲಿಗೆ ಬಂತು, ಇವರು ತಮಗೊಂದು ಸೆಕೆಂಡ್ ಹ್ಯಾಂಡ್ ಜಪಾನಿ ಬೈಕು ತಂದುಕೊಂಡರು. ಅದನ್ನು ತಂದ ದಿನ ನಾನು ಮಾತು ಬಿಟ್ಟೆ. "ನೀನು ಮಾತು ಬಿಟ್ಟಿರೋದು ನನ್ನ ಎಡಗಿವಿಗಿನ್ನೂ ಗೊತ್ತಾಗಿಲ್ಲ ಕಣೇ" ಎಂದು ಇವರು ನಗಿಸಿದರು. ನಗಿಸುವುದರಲ್ಲಿ ಇವರು ಗಟ್ಟಿಗರು.

ಬೈಕು ಮಾರಿದವನು ಜೊತೆಗೊಂದು ಹಳೇ ಹೆಲ್ಮೆಟ್ಟು ಬಿಟ್ಟಿ ಕೊಟ್ಟಿದ್ದ. ಒಳಗಿನ ಸ್ಪಂಜು ಉದುರಿ ಇವರ ಕಾಲರಿನ ಮೇಲೆಲ್ಲ ಪುಡಿ ಬೀಳುತ್ತಿತ್ತು. ಅದನ್ನೇ ಹಾಕಿಕೊಂಡು ಫ್ರೀವೇ ಮೇಲೆ ಹೋಗಿ ಬರುವಾಗ ಗಾಳಿಯ ಮೊರೆತ ಎಷ್ಟಿರುತ್ತಿತ್ತೆಂದರೆ, ಸಂಜೆ ಮನೆಗೆ ಬಂದು ಊಟ ಮಾಡಿ ಕೂತರೂ ಕಿವಿಯೊಳಗೆ ಗುಂಯ್ ಎನ್ನುವುದು ನಿಲ್ಲುತ್ತಿರಲಿಲ್ಲ. ಇವರು ನನ್ನ ಹತ್ತಿರ ಹೇಳಲಿಲ್ಲ. ಒಂದು ಸಂಜೆ ಮಗಳು ಬೆನ್ನ ಹಿಂದೆ ನಿಂತು "ಅಪ್ಪಾ, ಅಪ್ಪಾ" ಎಂದು ಕರೆದಳು, ಇವರು ತಿರುಗಲಿಲ್ಲ. ಅವಳು ಅಂಗಿ ಹಿಡಿದು ಜಗ್ಗಿದಾಗ ಬೆಚ್ಚಿಬಿದ್ದರು. ನಾನು ಅಡುಗೆಮನೆಯಿಂದ ಅದನ್ನು ನೋಡಿದೆ. ಮಾರನೇ ದಿನವೇ ಕಿವಿ ಡಾಕ್ಟರಿಗೆ ಫೋನು ಮಾಡಿದೆ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಬಲಗಿವಿಯೂ ಸೋಲುವುದಕ್ಕೆ ಶುರುವಾಗಿದೆ, ಈ ಗಾಳಿಯ ಸದ್ದು ಹೀಗೇ ಬಡಿಯುತ್ತಿದ್ದರೆ ಅದೂ ಹೋಗುತ್ತದೆ ಎಂದರು. ಬೈಕು ಬಿಡು, ಇಲ್ಲವೇ ಸದ್ದು ತಡೆಯುವ ಒಳ್ಳೆಯ ಹೆಲ್ಮೆಟ್ಟು ಹಾಕು ಎಂದರು. ಕಿವಿಗೆ ಬಿರಡೆ ಹಾಕಿಕೊಳ್ಳಲೂ ಹೇಳಿದರು. ಇವರು ಒಂದು ದಿನ ಹಾಕಿ ನೋಡಿದರು. ಇದ್ದ ಒಂದು ಕಿವಿಯನ್ನೂ ಮುಚ್ಚಿದರೆ ಪಕ್ಕದಲ್ಲಿ ಲಾರಿ ಬಂದರೂ ತಿಳಿಯುವುದಿಲ್ಲ, ಸಮುದ್ರದೊಳಗೆ ಮುಳುಗಿದ ಹಾಗಾಗುತ್ತದೆ ಎಂದು ಹೆದರಿ ತೆಗೆದುಬಿಟ್ಟರು. ಬೈಕು ಬಿಡುವುದಕ್ಕೂ ದಾರಿಯಿರಲಿಲ್ಲ. ಗ್ರೀನ್ ಕಾರ್ಡಿನ ಪೇಪರು ಅದೇ ಕಂಪನಿಯ ಹೆಸರಿನಲ್ಲಿ ನಡೆಯುತ್ತಿತ್ತು, ಕೆಲಸ ಬದಲಾಯಿಸುವ ಹಾಗಿರಲಿಲ್ಲ. ಎರಡನೇ ಕಾರು ಆಗ ನಮ್ಮ ಕೈಗೆಟುಕುವ ಮಾತಲ್ಲ. ಉಳಿದದ್ದು ಹೆಲ್ಮೆಟ್ಟು.

ಆ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರಿಗೆ ಹೆಲ್ಮೆಟ್ಟು ಕಡ್ಡಾಯವಿರಲಿಲ್ಲ. ಕೂದಲು ಹಾರಿಸಿಕೊಂಡು ಹೋಗುವವರೇ ಹೆಚ್ಚು. ನಾವು ಶನಿವಾರ ಶನಿವಾರ ಅಂಗಡಿ ಅಂಗಡಿ ಅಲೆದೆವು. ಹಗುರವಾಗಿದ್ದದ್ದು ಕಿವಿ ಮುಚ್ಚುತ್ತಿರಲಿಲ್ಲ, ಕಿವಿ ಮುಚ್ಚುವುದು ಹಣೆ ಒತ್ತುತ್ತಿತ್ತು, ಎರಡೂ ಸರಿಯಿದ್ದದ್ದರ ಬೆಲೆ ನೋಡಿದರೆ ನಮಗೇ ತಲೆನೋವು ಬರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು: ಅಂಗಡಿಯೊಳಗೆ ಹಾಕಿಕೊಂಡರೆ ಎಲ್ಲ ಹೆಲ್ಮೆಟ್ಟೂ ನಿಶ್ಶಬ್ದವೇ. ಗಾಳಿಯಿಲ್ಲದ ಕಡೆ ಗಾಳಿಯ ಸದ್ದನ್ನು ಅಳೆಯುವುದು ಹೇಗೆ?

ಇವರು ಇಂಜಿನಿಯರು ತಾನೇ, ಒಂದು ಉಪಾಯ ಹೂಡಿದರು. ಅಂಗಡಿಯವನ ಹತ್ತಿರ ತಮ್ಮ ಲೈಸೆನ್ಸು ಒತ್ತೆಯಿಟ್ಟು ಹೆಲ್ಮೆಟ್ಟನ್ನು ಈಚೆ ತರುವುದು. ನಾನು ಕಾರು ಓಡಿಸುವುದು. ಇವರು ಪಕ್ಕದ ಸೀಟಿನಲ್ಲಿ ಕೂತು, ಹೆಲ್ಮೆಟ್ಟು ಹಾಕಿದ ತಲೆಯನ್ನು ಕುತ್ತಿಗೆವರೆಗೆ ಕಿಟಕಿಯ ಆಚೆ ಹಾಕುವುದು. ಹೀಗೆ ಫ್ರೀವೇ ಮೇಲೆ ಒಂದು ಎಕ್ಸಿಟ್ಟಿನಿಂದ ಇನ್ನೊಂದಕ್ಕೆ ಹೋಗಿ ವಾಪಸ್ಸು ಬರುವುದು. ಪಕ್ಕದ ಲೇನಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಕೇಕೆ ಹಾಕುತ್ತಿದ್ದಳು. ನನಗೋ ಮಾನ ಹೋದ ಹಾಗೆ.

"ಹೇಗಿದೆ?" ಎಂದು ಕೂಗುತ್ತಿದ್ದೆ.

"ಕುಕ್ಕರು" ಎನ್ನುತ್ತಿದ್ದರು. ಎಂದರೆ ಎಲ್ಲೋ ಸಂದಿನಲ್ಲಿ ಗಾಳಿ ನುಗ್ಗಿ ಸೀಟಿ ಹೊಡೆಯುತ್ತಿದೆ ಎಂದರ್ಥ. ಇನ್ನೊಂದಕ್ಕೆ "ಹಿಟ್ಟಿನ ಗಿರಣಿ" ಎಂದರು. ಹೀಗೆ ಕುಕ್ಕರು, ಗಿರಣಿ, ಮತ್ತೆ ಕುಕ್ಕರು. ಕೊನೆಗೆ ಒಂದು ಅಂಗಡಿಯಲ್ಲಿ, ಎಲ್ಲಕ್ಕಿಂತ ಮೇಲಿನ ಕಪಾಟಿನಲ್ಲಿ, ಬಸಳೆ ಹಣ್ಣನ್ನು ಹಿಚುಕಿದ ಹಾಗಿನ ಕಡುನೇರಳೆ ಬಣ್ಣದ ಒಂದು ಹೆಲ್ಮೆಟ್ಟು ಧೂಳು ತಿನ್ನುತ್ತ ಕೂತಿತ್ತು. ಒಳ್ಳೆಯ ಮಾಲು, ಆ ಬಣ್ಣಕ್ಕೆ ಯಾರೂ ಮುಟ್ಟಿರಲಿಲ್ಲ. ಅದನ್ನು ಹಾಕಿಕೊಂಡು ಕಿಟಕಿಯಾಚೆ ತಲೆಯಿಟ್ಟವರು ಎಷ್ಟು ಹೊತ್ತಾದರೂ ಮಾತಾಡಲಿಲ್ಲ.

"ರೀ, ಹೇಗಿದೆ?"

"ದೇವರ ಮನೆ" ಎಂದರು.

ಅಂಗಡಿಯವನು ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿ, ಜೊತೆಗೆ ತಲೆಯೂ ಅಲುಗುತ್ತಿದೆಯೋ ಎಂದು ನೋಡಿದ. ಬಿಗಿಯಾಗಿ ಕೂತರೆ ಮಾತ್ರ ಕೆಳಗಿನಿಂದ ಗಾಳಿ ನುಗ್ಗುವುದಿಲ್ಲ, ಬಿದ್ದರೆ ಕಳಚಿಕೊಳ್ಳುವುದೂ ಇಲ್ಲ ಎಂದ. ಇವರದು ಗುಂಗುರು ಕೂದಲು, ಬಾಚಣಿಗೆ ಮುರಿಯುವಷ್ಟು ದಟ್ಟ. ಅದನ್ನು ನೋಡಿ, "ಈ ಕಾಡು ಕಡಿಸಿದರೆ ಹೇಳು, ಒಳಗೆ ದಪ್ಪ ಮೆತ್ತೆ ಹಾಕಿಕೊಡುತ್ತೇನೆ" ಎಂದ. ಇವರು, "ಇವಳು ನನ್ನ ಮದುವೆ ಆಗಿದ್ದೇ ಈ ಕೂದಲು ನೋಡಿ, ಕಡಿಸಿದರೆ ಬಿಟ್ಟುಹೋಗುತ್ತಾಳೆ" ಎಂದು ಅವನನ್ನು ನಗಿಸಿದರು. ಬಣ್ಣದ ದೆಸೆಯಿಂದ ಅರ್ಧ ಬೆಲೆಗೆ ಬಂತು. ಮಾರನೇ ವಾರದಿಂದ ಇವರ ಕಿವಿಯ ಗುಂಯ್ ಕಡಿಮೆಯಾಯಿತು. ಮಗಳು ಹಿಂದಿನಿಂದ ಕರೆದರೆ ತಿರುಗತೊಡಗಿದರು. ನಾನು ಅಷ್ಟು ನಿರಾಳವಾಗಿ ಉಸಿರು ಬಿಟ್ಟು ಬಹಳ ದಿನವಾಗಿತ್ತು.

ಊರಿನ ಸಮಾಚಾರವೆಲ್ಲ ನಮಗೆ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಫೋನಿನಲ್ಲಿ ಆಡಿದ ಮಾತು ನಮಗೇ ತಿರುಗಿ ಕೇಳುತ್ತಿತ್ತು. ಆ ಗಲಾಟೆಯಲ್ಲಿ ಒಂದು ಕಿವಿಯವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಮಾವನವರು ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಅಮೆರಿಕಕ್ಕೆ ಬರುವವರ ಕೈಯಲ್ಲೋ ಅಂಚೆಯಲ್ಲೋ ಕಳಿಸುತ್ತಿದ್ದರು. ಪ್ರತಿ ಕ್ಯಾಸೆಟ್ಟೂ ಒಂದೇ ರೀತಿ ಶುರುವಾಗುತ್ತಿತ್ತು. "ಕೇಳಿಸ್ತಾ ಇದೆಯಾ ಮಗೂ?" ಎಂದು ಗಟ್ಟಿಯಾಗಿ ಕೇಳಿ, ಉತ್ತರಕ್ಕೆ ಕಾಯುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಇವರ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವ ವಾಡಿಕೆ. ಇವರು ಆ ಪೆಟ್ಟಿಗೆಯ ಕಡೆ ಬಗ್ಗಿ, "ಕೇಳಿಸ್ತಾ ಇದೆ ಅಣ್ಣ" ಎನ್ನುತ್ತಿದ್ದರು. ಆಮೇಲೆ ಅವರು ಕೆಮ್ಮಿ, ನೀರಿನ ತೊಂದರೆಯನ್ನೋ ಪಕ್ಕದ ಮನೆಯವರ ಜಗಳವನ್ನೋ ಹೇಳುವುದಕ್ಕೆ ತೊಡಗುತ್ತಿದ್ದರು. ಹೆಲ್ಮೆಟ್ಟಿನ ಕಥೆಯನ್ನು, ಕಾರಿನ ಕಿಟಕಿಯೂ ಸೇರಿ, ಇವರು ಒಂದು ಕ್ಯಾಸೆಟ್ಟಿನ ತುಂಬ ಹೇಳಿ ಕಳಿಸಿದರು.

ಅದಕ್ಕೆ ಉತ್ತರ ಬರುವ ಮೊದಲೇ ಒಂದು ಭಾನುವಾರ ಬೆಳಗ್ಗೆ ಫೋನು ಬಂತು. ಮೈದುನ ಮಾತಾಡಿದ. ಮಾವನವರು ಸ್ನಾನ ಮಾಡಿ ಬಂದು ಕೂತವರು ಹಾಗೇ ಒರಗಿಬಿಟ್ಟಿದ್ದರು. ಇವರಿಗೆ ಫೋನಿನಲ್ಲಿ ಸರಿಯಾಗಿ ಕೇಳದು, ರಿಸೀವರನ್ನು ನನ್ನ ಕೈಗೆ ಕೊಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಹೇಳಬೇಕಾಯಿತು. ಇಂಥ ಮಾತನ್ನು ಹೆಂಡತಿಯ ಬಾಯಿಂದ ಕೇಳಬೇಕಾದದ್ದು ಯಾವ ಕರ್ಮವೋ.

ಹೊರಡಲು ಸೂಟ್‌ಕೇಸು ತೆಗೆದರು. ಗ್ರೀನ್ ಕಾರ್ಡಿನ ಪೇಪರು ನೋಡಿಕೊಳ್ಳುತ್ತಿದ್ದ ಲಾಯರು ಬೇಡವೆಂದ. ಪೇಪರು ಅರ್ಧದಲ್ಲಿರುವಾಗ ದೇಶ ಬಿಟ್ಟರೆ ತಿರುಗಿ ಒಳಗೆ ಬರುವುದು ಅನುಮಾನ, ಹೆಂಡತಿ ಮಗು ಇಲ್ಲೇ ಉಳಿಯುತ್ತಾರೆ ಎಂದ. ಅಲ್ಲಿ ಮೈದುನನೇ ಎಲ್ಲ ಮಾಡಿದ. ಸೂಟ್‌ಕೇಸು ಬಾಯಿ ತೆರೆದುಕೊಂಡು ನಡುಮನೆಯಲ್ಲಿ ಬಿದ್ದಿತ್ತು, ಅದನ್ನು ಎತ್ತಿಡುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಇವರು ದೇವರ ಮುಂದೆ ಒಂದು ದೀಪ ಹಚ್ಚಿದವರಲ್ಲ. ಅಂಥವರು ಏಕಾಏಕಿ ಒಂದೊಂದೇ ನಿಯಮ ಹಿಡಿದರು. ನೆಲದ ಮೇಲೆ ಮಲಗಿದರು, ಒಪ್ಪತ್ತು ಊಟ ಮಾಡಿದರು. ಹತ್ತನೆಯ ದಿನ, ಮಂತ್ರ ಬಲ್ಲ ಸ್ನೇಹಿತರೊಬ್ಬರು ಬಂದು ಇವರನ್ನು ಬಾತ್‌ಟಬ್ಬಿನ ಅಂಚಿನ ಮೇಲೆ ಕೂರಿಸಿ ತಲೆ ಬೋಳಿಸಿದರು. ಗುಂಗುರು ಕೂದಲೆಲ್ಲ ಬಿಳಿಯ ಟಬ್ಬಿನೊಳಗೆ ಬಿತ್ತು. ಮಗಳು ಅಪ್ಪನನ್ನು ಗುರುತು ಹಿಡಿಯದೆ ನನ್ನ ಕಾಲಿಗೆ ಅಮರಿಕೊಂಡಳು.

ಕರ್ಮಾಂತರ ಮುಗಿಸಿ ಕೆಲಸಕ್ಕೆ ಹೊರಟ ದಿನ ಹೆಲ್ಮೆಟ್ಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತರು. ತಲೆ ತಿರುಗಿಸಿದರು, ತಲೆ ತಿರುಗಿತು, ಹೆಲ್ಮೆಟ್ಟು ಇದ್ದಲ್ಲೇ ಇತ್ತು. ಬಿಂದಿಗೆಯೊಳಗೆ ಲೋಟ ಹಾಕಿದ ಹಾಗೆ. ನಾನು ಹಿಡಿದು ಅಲುಗಿಸಿದೆ, ಲೊಡಲೊಡ ಎಂದಿತು.

"ಇದನ್ನ ಹಾಕ್ಕೊಂಡು ಫ್ರೀವೇಗೆ ಹೋಗ್ತೀರಾ? ಅಂಗಡಿಯವನು ದಪ್ಪ ಮೆತ್ತೆ ಕೊಡ್ತೀನಿ ಅಂದಿದ್ದ. ಇವತ್ತು ಲೇಟಾಗಿ ಹೋಗಿ, ಮೊದಲು ಅದನ್ನ ತರೋಣ" ಎಂದೆ.

"ವರ್ಷ ತುಂಬೋವರೆಗೂ ಈ ಮನೆಗೆ ಹೊಸದು ಏನೂ ಬರೋದು ಬೇಡ."

"ಮೆತ್ತೆ ಅನ್ನೋದು ಹೊಸದಾ? ಅದೇನು ರೇಷ್ಮೆ ಸೀರೆನಾ?"

"ಹೊಸದು ಅಂದ್ರೆ ಹೊಸದೇ ಕಣೇ."

"ನಿಮ್ಮ ತಮ್ಮನೇ ಅಷ್ಟೆಲ್ಲ ನೇಮ ಇಟ್ಕೋಬೇಡ ಅಂದನಲ್ರೀ ಫೋನಲ್ಲಿ. ನಿಮ್ಮದೇನು ಅತಿರೇಕ?"

ಇವರು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೋಳು ತಲೆಯಲ್ಲಿ ಇವರ ಮುಖ ಮಾವನವರ ಮುಖದ ಹಾಗೇ ಇತ್ತು. "ಅವನು ಬೆಂಕಿ ಕೊಟ್ಟ. ಅವನಿಗೆ ನಡೆಯತ್ತೆ. ನಾನೇನು ಕೊಟ್ಟೆ ಅಣ್ಣಂಗೆ? ಹೋಗೋಕೂ ಆಗಲಿಲ್ಲ. ಇಷ್ಟಾದರೂ ಮಾಡ್ತೀನಿ, ಬಿಡು ನನ್ನ" ಎಂದರು.

ಹಾಗಾದರೆ ಕಾರು ನೀವು ತೆಗೆದುಕೊಂಡು ಹೋಗಿ ಎಂದೆ. "ಮಗೂನ ಡೇಕೇರಿಗೆ ಹೊತ್ಕೊಂಡು ಹೋಗ್ತೀಯಾ?" ಎಂದರು. ಬಸ್ಸು ಹಿಡಿದು ಹೋಗುವ ಊರಲ್ಲ ಅದು.

ಇವರೇ ಒಂದು ದಾರಿ ಕಂಡುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಚಳಿ ಜಾಸ್ತಿಯಂತೆ ಎಂದು ಯಾರೋ ಹೇಳಿದ್ದಕ್ಕೆ, ಮಾವನವರು ಹಿಂದೊಮ್ಮೆ ತಮ್ಮ ಕಂದುಬಣ್ಣದ ಉಲ್ಲನ್ ಮಫ್ಲರನ್ನು ಮಗನಿಗೆ ಕಳಿಸಿದ್ದರು. ಅದನ್ನು ತೆಗೆದು ತಲೆಗೆ ಎರಡು ಸುತ್ತು ಸುತ್ತಿ ಮೇಲೆ ಹೆಲ್ಮೆಟ್ಟು ಏರಿಸಿದರು. ಈಗ ಅಲುಗಲಿಲ್ಲ. "ನೋಡು, ಹಳೇದರಲ್ಲೇ ಆಗೋಯ್ತು" ಎಂದರು. ಆ ದಿನಗಳಲ್ಲಿ ಇವರ ಮುಖದಲ್ಲಿ ನಾನು ಕಂಡ ಒಂದೇ ಒಂದು ಸಮಾಧಾನ ಅದು. ಕೂದಲು ಬರುವವರೆಗೆ ಹೀಗೇ ಹೋಗಿಬರುತ್ತೇನೆ ಎಂದರು.

ಆ ವಾರವೇ ಅಂಚೆಯಲ್ಲಿ ಕ್ಯಾಸೆಟ್ಟು ಬಂತು. ಮಾವನವರು ಹೋಗುವುದಕ್ಕೆ ಕೆಲವು ದಿನ ಮುಂಚೆ ಕಳಿಸಿದ್ದು. ಕವರಿನ ಮೇಲೆ ಅವರದೇ ಗುಂಡಗಿನ ಅಕ್ಷರ. ಇವರು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಟೇಪ್ ರೆಕಾರ್ಡರು ತಂದಿಟ್ಟೆ.

"ಈಗ ಬೇಡ. ಕೇಳಿಸ್ತಾ ಇದೆಯಾ ಅಂತ ಕೇಳ್ತಾರೆ, ನನಗೆ ತಡೆಯೋಕೆ ಆಗಲ್ಲ" ಎಂದರು. "ತಲೇಲಿ ಕೂದಲು ಬರಲಿ. ಮನಸ್ಸೂ ಒಂದು ಹದಕ್ಕೆ ಬರತ್ತೆ. ಆಮೇಲೆ ಕೇಳ್ತೀನಿ." ಕ್ಯಾಸೆಟ್ಟನ್ನು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ ಇಟ್ಟರು.

ಹತ್ತು ಹದಿನೈದು ದಿನ ಕಳೆದಿರಬೇಕು. ಸಂಜೆ ಇವರು ಫ್ರೀವೇ ಇಳಿದು ನಮ್ಮ ಮನೆಯ ಕಡೆಗಿನ ರಸ್ತೆಗೆ ಬರುತ್ತಿದ್ದರು. ಮುಂದಿನ ಕಾರು ಗಕ್ಕನೆ ನಿಂತಿತು, ಇವರು ಬ್ರೇಕು ಹಿಡಿದರು, ಬೈಕು ಜಾರಿ ಪಕ್ಕಕ್ಕೆ ಮಗುಚಿತು. ವೇಗವೇನೂ ಇರಲಿಲ್ಲ, ಎದ್ದು ಪ್ಯಾಂಟು ಕೊಡವಿಕೊಂಡು ಬರಬಹುದಾಗಿತ್ತು. ಆದರೆ ನುಣ್ಣನೆಯ ತಲೆಯ ಮೇಲೆ ಉಲ್ಲನ್ ಮಫ್ಲರು ಜಾರಿತು, ಅದರ ಜೊತೆಗೆ ಹೆಲ್ಮೆಟ್ಟೂ ಕಳಚಿ ಮುಂದಕ್ಕೆ ಉರುಳಿಹೋಯಿತು. ತಲೆಯ ಬಲಭಾಗ ಫುಟ್‌ಪಾತಿನ ಅಂಚಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ಪೊಲೀಸಿನವನು ಒಂದು ಚೀಲ ತಂದುಕೊಟ್ಟ. ಮಫ್ಲರಿನಲ್ಲಿ ರಕ್ತ ಗರಣೆ ಕಟ್ಟಿತ್ತು. ಹೆಲ್ಮೆಟ್ಟಿಗೆ ಒಂದೆರಡು ಗೀರು ಬಿಟ್ಟರೆ ಏನೂ ಆಗಿರಲಿಲ್ಲ, ಗಲ್ಲದ ಪಟ್ಟಿ ಕೂಡ ಬಿಗಿದದ್ದು ಬಿಗಿದ ಹಾಗೇ ಇತ್ತು.

ಎರಡನೆಯ ದಿನ ಕಣ್ಣು ಬಿಟ್ಟರು. ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಬೈಯುತ್ತಿದ್ದೆ, ಅಳುತ್ತಿದ್ದೆ, ಮಗಳು ಊಟ ಮಾಡಿದಳು ಎಂದು ಹೇಳುತ್ತಿದ್ದೆ. ಇವರು ನನ್ನನ್ನು ನೋಡಿದರು, ನರ್ಸನ್ನು ನೋಡಿದರು. "ಯಾಕೆ ಯಾರೂ ಮಾತಾಡ್ತಾ ಇಲ್ಲ?" ಎಂದರು.

ಕಿವಿಯ ಹಿಂದಿನ ಮೂಳೆ ಒಡೆದು ಒಳಗಿನ ನರ ಸತ್ತಿತ್ತು. ಊತ ಇಳಿಯಲಿ, ಕಾದು ನೋಡೋಣ ಎಂದರು ಡಾಕ್ಟರು. ನಾನೂ ಆಸ್ಪತ್ರೆಯಲ್ಲೇ ದುಡಿಯುವವಳು, ಕಾದು ನೋಡೋಣ ಎನ್ನುವುದರ ಅರ್ಥ ಗೊತ್ತಿತ್ತು. ಆದರೂ ಕಾದೆ. ಮೂಲೆಯಲ್ಲಿ ಚಮಚ ಬೀಳಿಸುತ್ತಿದ್ದೆ, ಹಿಂದಿನಿಂದ ಚಪ್ಪಾಳೆ ತಟ್ಟುತ್ತಿದ್ದೆ. ಇವರು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದರು. ತಲೆಯಲ್ಲಿ ಕೂದಲು ಬಂತು, ಮೊದಲಿನಷ್ಟೇ ದಟ್ಟವಾಗಿ, ಗುಂಗುರು ಗುಂಗುರಾಗಿ. ಕಿವಿ ಬರಲಿಲ್ಲ. ಮಗಳು ಡೇಕೇರಿನಿಂದ ಇಂಗ್ಲಿಷು ಕಲಿತು ಬಂದು ಇವರ ಕೆನ್ನೆಗಳನ್ನು ಎರಡು ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಏನೇನೋ ಹೇಳುತ್ತಿದ್ದಳು. ನನ್ನ ತುಟಿಯ ಕನ್ನಡವನ್ನು ಓದಲು ಕಲಿತವರಿಗೆ ಅವಳ ತುಟಿಯ ಇಂಗ್ಲಿಷು ತಿಳಿಯುತ್ತಿರಲಿಲ್ಲ. ತಿಳಿದವರಂತೆ ತಲೆಯಾಡಿಸುತ್ತಿದ್ದರು.

ನನಗೆ ಸಿಟ್ಟಿತ್ತು, ಈಗಲೂ ಇದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಸತ್ತವರ ಮೇಲೆ ಸಿಟ್ಟು ಮಾಡುವುದಕ್ಕಾಗುತ್ತದೆಯೇ? ಲಾಯರಿನ ಮೇಲೆ? ತಂದೆಗೆ ಏನೂ ಕೊಡಲಾಗಲಿಲ್ಲವೆಂದು ಒದ್ದಾಡಿದ ಮಗನ ಮೇಲೆ? ಆ ಹಾಳು ಬಣ್ಣದ ಹೆಲ್ಮೆಟ್ಟನ್ನು ಎತ್ತಿ ಕಸದ ಡಬ್ಬಿಗೆ ಹಾಕಿದ್ದೊಂದೇ ನನ್ನ ಕೈಲಾದದ್ದು.

ಕ್ಯಾಸೆಟ್ಟಿನ ಸುದ್ದಿಯನ್ನು ನಾನು ಎತ್ತಲಿಲ್ಲ. ದೀಪ ಹಚ್ಚುವಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು, ಕಂಡೂ ಕಾಣದವಳಂತೆ ಇರುತ್ತಿದ್ದೆ. ವರ್ಷಾಂತಿಕ ಮುಗಿದ ದಿನ ಮಧ್ಯಾಹ್ನ, ಊಟಕ್ಕೆ ಬಂದಿದ್ದವರೆಲ್ಲ ಹೋದ ಮೇಲೆ, ಇವರೇ ಅದನ್ನು ತಂದು ಟೇಪ್ ರೆಕಾರ್ಡರಿನ ಪಕ್ಕ ಇಟ್ಟು ಕುರ್ಚಿ ಎಳೆದುಕೊಂಡು ಕೂತರು.

"ಹಾಕು" ಎಂದರು. ತಮ್ಮ ದನಿ ತಮಗೆ ಕೇಳದೆ ಈಗೀಗ ಬಹಳ ಗಟ್ಟಿಯಾಗಿ ಮಾತಾಡುತ್ತಿದ್ದರು. "ನೀನು ಕೇಳಿ ನನಗೆ ಹೇಳುವೆಯಂತೆ."

ನಾನು ಅಭ್ಯಾಸದಂತೆ ಇವರ ಬಲಗಡೆ ಕೂತು ಗುಂಡಿ ಒತ್ತಿದೆ. ಇವರು ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟರು. ಟೇಪು ಸುತ್ತಿತು, ಸ್ವಲ್ಪ ಗರಗರ ಎಂದಿತು. ಆಮೇಲೆ ಮಾವನವರ ದನಿ, ಆಚೆಯ ಕೋಣೆಯಿಂದ ಕರೆದಷ್ಟು ಹತ್ತಿರ.

"ಕೇಳಿಸ್ತಾ ಇದೆಯಾ ಮಗೂ?"

ಹೇಳಲೆಂದು ನಾನು ಇವರ ಕಡೆ ತಿರುಗಿದೆ. ಟೇಪಿನೊಳಗೆ ಮಾವನವರು ಎಂದಿನಂತೆ ಉತ್ತರಕ್ಕೆ ಕಾಯುತ್ತ ಸುಮ್ಮನಾದರು. ಇವರ ಅಂಗೈಯ ಕೆಳಗೆ ಜಾಲರಿಯ ನಡುಕ ನಿಂತಿರಬೇಕು. ಇವರು ನನ್ನ ಮುಖ ನೋಡಲಿಲ್ಲ. ಪೆಟ್ಟಿಗೆಯ ಕಡೆ ಬಗ್ಗಿ, ಮನೆಯೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಕೇಳಿಸ್ತಾ ಇದೆ ಅಣ್ಣ" ಎಂದರು.